ಟ್ಯಾಬ್ಲೆಟ್ಟಿನ ಪರದೆಯ ವೇಗವೂ ಅದರ ಪ್ರಯೋಜನವೂ

ಪಾಟಿಯಂತೆ ಚಪ್ಪಟೆಯಾಗಿಯೂ ಪುಸ್ತಕದಂತೆ ಕೈಯಲ್ಲಿ ಹಿಡಿಯಲು ಅನುಕೂಲವಾಗಿಯೂ ಇರುವ ಟ್ಯಾಬ್ಲೆಟ್ ಎಂಬ ಯಂತ್ರವು ಈಗ ಅನೇಕ ಗೃಹಸ್ಥರ ಮನೆಗಳನ್ನು ಪ್ರವೇಶಿಸಿರುವ ಸಂಗತಿಯು ವಾಚಕರಿಗೆ ತಿಳಿದೇ ಇದೆ. ೨೦೨೦ನೆಯ ಇಸವಿಯಲ್ಲಿ ಕೋವಿಡ್ ಸಾಂಕ್ರಾಮಿಕದ ನಿಮಿತ್ತ ಶಾಲೆಗಳು ಮುಚ್ಚಿ, ಪಾಠಗಳು ಪರದೆಯ ಮೇಲೆ ನಡೆಯತೊಡಗಿದಂದಿನಿಂದ ಇದು ಕೇವಲ ವಿನೋದದ ವಸ್ತುವೆಂದು ತಳ್ಳಿಹಾಕುವಂತೆಯೂ ಇಲ್ಲ. ಮಕ್ಕಳು ಅದರಲ್ಲಿ ಪಾಠ ಕೇಳುತ್ತಾರೆ. ಗೃಹಿಣಿಯರು ಅಡಿಗೆಯ ಕ್ರಮವನ್ನು ನೋಡಿಕೊಳ್ಳುತ್ತಾರೆ. ನಮ್ಮಂಥ ವಯಸ್ಸಾದವರು ಅಕ್ಷರಗಳನ್ನು ದೊಡ್ಡದು ಮಾಡಿಕೊಂಡು ದಿನಪತ್ರಿಕೆಯನ್ನು ಓದುತ್ತೇವೆ.

ಇಂಥ ಯಂತ್ರವೊಂದನ್ನು ಕೊಳ್ಳಬೇಕೆಂದು ಅಂಗಡಿಗೆ ಹೋದವರ ಕಿವಿಗೆ ಈಚೆಗೆ ತಪ್ಪದೆ ಬೀಳುವ ಮಾತೊಂದುಂಟು. "ಸ್ವಾಮಿ, ಇದು ಅರವತ್ತು ಹರ್ಟ್ಸಿನದು, ಅದು ನೂರಿಪ್ಪತ್ತರದು. ರಿಫ್ರೆಶ್ ರೇಟ್ ಹೆಚ್ಚು. ಮಕ್ಕಳ ಕಣ್ಣಿಗೂ ಒಳ್ಳೆಯದು. ಬೆಲೆ ಮಾತ್ರ ಸ್ವಲ್ಪ ಜಾಸ್ತಿ" ಎಂದು ಅಂಗಡಿಯವನು ಹೇಳುತ್ತಾನೆ. ಗೃಹಸ್ಥನು ಅದರ ಅರ್ಥವನ್ನು ಕೇಳಲು ಸಂಕೋಚಪಟ್ಟು, ಒಂದೋ ಸುಮ್ಮನೆ ಹಣ ತೆರುತ್ತಾನೆ, ಇಲ್ಲವೆ ಇದೆಲ್ಲ ವ್ಯಾಪಾರದ ಮಾತೆಂದು ಅಗ್ಗದ್ದನ್ನು ಹಿಡಿದು ಬರುತ್ತಾನೆ. ಈ ಎರಡೂ ವಿವೇಕವಲ್ಲ. ಅಂಗಡಿಯವನ ಮಾತಿನಲ್ಲಿ ಅರ್ಧ ಸತ್ಯವಾಗಿಯೂ ಅರ್ಧ ನಿರಾಧಾರವಾಗಿಯೂ ಇದೆ. ಯಾವುದು ಯಾವುದೆಂಬುದನ್ನು ಬೇರ್ಪಡಿಸಿ ತೋರಿಸುವುದೇ ಈ ಲೇಖನದ ಉದ್ದೇಶವಾಗಿದೆ.

ಮೊದಲು ಶಬ್ದಾರ್ಥವನ್ನು ನೋಡೋಣ. ಟ್ಯಾಬ್ಲೆಟ್ಟಿನ ಪರದೆಯ ಮೇಲೆ ಕಾಣುವ ಚಿತ್ರವು ಗೋಡೆಯ ಮೇಲಿನ ಪಟದಂತೆ ಒಮ್ಮೆ ಬರೆದು ಬಿಟ್ಟದ್ದಲ್ಲ. ಯಂತ್ರವು ಅದನ್ನು ಒಂದು ಸೆಕೆಂಡಿನಲ್ಲಿ ಅನೇಕ ಸಲ ಹೊಸದಾಗಿ ಬರೆಯುತ್ತಲೇ ಇರುತ್ತದೆ. ಹೀಗೆ ಎಷ್ಟು ಸಲ ಬರೆಯುತ್ತದೆಯೋ ಆ ಸಂಖ್ಯೆಗೆ ರಿಫ್ರೆಶ್ ರೇಟ್ ಎಂದು ಹೆಸರು. ಅದನ್ನು ಎಣಿಸುವ ಮಾನವೇ ಹರ್ಟ್ಸ್. ವಿದ್ಯುತ್ಕಾಂತೀಯ ತರಂಗಗಳ ಅಸ್ತಿತ್ವವನ್ನು ಪ್ರಯೋಗದಿಂದ ಸ್ಥಾಪಿಸಿದ ಜರ್ಮನಿಯ ವಿಜ್ಞಾನಿ ಹೈನ್ರಿಖ್ ಹರ್ಟ್ಸ್ (೧೮೫೭-೧೮೯೪) ಎಂಬಾತನ ಸ್ಮರಣಾರ್ಥವಾಗಿ ಬಂದ ಹೆಸರು. ೬೦ ಹರ್ಟ್ಸಿನ ಪರದೆಯಲ್ಲಿ ಒಂದು ಚಿತ್ರವು ಸುಮಾರು ೧೬.೭ ಮಿಲಿಸೆಕೆಂಡುಗಳ ಕಾಲ ನಿಂತು, ಅನಂತರ ಮುಂದಿನ ಚಿತ್ರಕ್ಕೆ ಎಡೆಗೊಡುತ್ತದೆ. ೯೦ ಹರ್ಟ್ಸಿನಲ್ಲಿ ಈ ಕಾಲವು ೧೧.೧ಕ್ಕೂ, ೧೨೦ರಲ್ಲಿ ೮.೩ಕ್ಕೂ ಇಳಿಯುತ್ತದೆ. ಮಿಲಿಸೆಕೆಂಡೆಂದರೆ ಸೆಕೆಂಡಿನ ಸಾವಿರದ ಒಂದು ಪಾಲು.

ಬಿಡಿಬಿಡಿಯಾದ ಚಿತ್ರಗಳು ಕಣ್ಣಿಗೆ ಒಂದೇ ಚಲನೆಯಾಗಿ ಕಾಣುವ ಸಂಗತಿಯು ನಮ್ಮವರಿಗೆ ಹೊಸದಲ್ಲ. ಕತ್ತಲೆಯಲ್ಲಿ ಕೊಳ್ಳಿಯೊಂದನ್ನು ಬೇಗಬೇಗನೆ ತಿರುಗಿಸಿದರೆ ಬೆಂಕಿಯ ಬಳೆಯೇ ಕಾಣುತ್ತದೆಯಷ್ಟೆ. ಇದಕ್ಕೆ ಅಲಾತಚಕ್ರವೆಂದು ಹೆಸರು. ಗೌಡಪಾದಾಚಾರ್ಯರು ತಮ್ಮ ಮಾಂಡೂಕ್ಯಕಾರಿಕೆಯ ನಾಲ್ಕನೆಯ ಪ್ರಕರಣಕ್ಕೆ ಈ ದೃಷ್ಟಾಂತದಿಂದಲೇ ಅಲಾತಶಾಂತಿ ಎಂಬ ಹೆಸರು ಬರುವಂತೆ ಮಾಡಿದರು. ಅವರು ಸಾಧಿಸಹೊರಟದ್ದು ವೇದಾಂತಾರ್ಥವನ್ನು. ನಮಗೆ ಇಲ್ಲಿ ಬೇಕಾದುದು ಲೌಕಿಕಾರ್ಥ ಮಾತ್ರ. ಸಿನಿಮಾ ಕಲೆಯೂ ಕಣ್ಣಿನ ಈ ಸ್ವಭಾವವನ್ನೇ ಅವಲಂಬಿಸಿದೆ. ವಾಕ್ಚಿತ್ರಗಳು ಬಂದ ೧೯೨೦ರ ದಶಕದ ಕೊನೆಯಿಂದ ಸೆಕೆಂಡಿಗೆ ೨೪ ಚಿತ್ರಗಳೆಂಬುದು ಅದರಲ್ಲಿ ರೂಢಿಯಾಗಿ ನಿಂತಿತು.

ಇಲ್ಲಿ ಒಂದು ಪೂರ್ವಪಕ್ಷವು ಹುಟ್ಟುತ್ತದೆ. ೨೪ ಚಿತ್ರಗಳಿಂದಲೇ ಇಡೀ ಸಿನಿಮಾವನ್ನು ಸುಖವಾಗಿ ನೋಡುವ ಕಣ್ಣಿಗೆ ೬೦ ಸಾಲದೆಂದರೇನು? ೧೨೦ ಏತಕ್ಕೆ? ಆಕ್ಷೇಪವು ಯೋಗ್ಯವಾದುದೇ, ಸಮಾಧಾನವನ್ನು ಹೇಳುತ್ತೇವೆ. ಸಿನಿಮಾದಲ್ಲಿ ಚಲಿಸುವ ವಸ್ತುವಿನ ಅಂಚು ಕ್ಯಾಮೆರಾದಲ್ಲಿಯೇ ಸ್ವಲ್ಪ ಮಸುಕಾಗಿ ಮೂಡಿರುವುದರಿಂದ ಒಂದು ಚಿತ್ರವು ಮತ್ತೊಂದಕ್ಕೆ ನಯವಾಗಿ ಕೂಡಿಕೊಳ್ಳುತ್ತದೆ. ಅಲ್ಲದೆ ಅಲ್ಲಿ ನಾವು ಬರಿಯ ಪ್ರೇಕ್ಷಕರು. ಟ್ಯಾಬ್ಲೆಟ್ಟಿನಲ್ಲಿಯಾದರೋ ಚಲನೆಯನ್ನು ಉಂಟುಮಾಡುವುದು ನಮ್ಮ ಬೆರಳೇ. ಬೆರಳು ಎಲ್ಲಿದೆ, ಪುಟ ಎಲ್ಲಿದೆ ಎಂಬ ಅಂತರವನ್ನು ಕಣ್ಣೂ ಕೈಯೂ ಒಡನೆಯೇ ಅಳೆಯುತ್ತವೆ. ಆದುದರಿಂದ ಸಿನಿಮಾದ ನ್ಯಾಯವು ಇಲ್ಲಿಗೆ ಹೊಂದುವುದಿಲ್ಲ.

ಮೊದಲನೆಯ ಪ್ರಯೋಜನವು ಓದುವವರಿಗೆ ಸಂಬಂಧಿಸಿದ್ದು. ಪುಟವನ್ನು ಬೆರಳಿನಿಂದ ಮೇಲಕ್ಕೆ ಸರಿಸುವಾಗ ಕಣ್ಣು ಅಕ್ಷರಗಳನ್ನು ಹಿಂಬಾಲಿಸಿ ಒಂದೇ ಸಮನಾಗಿ ಚಲಿಸುತ್ತದೆ. ಪರದೆಯ ಮೇಲಿನ ಚಿತ್ರವಾದರೋ ಒಂದು ಕ್ಷಣ ನಿಂತು, ಹಾರಿ, ಪುನಃ ನಿಲ್ಲುತ್ತದೆ. ಕಣ್ಣು ಚಲಿಸುತ್ತಿದ್ದು ಚಿತ್ರವು ನಿಂತಿದ್ದರೆ ಅಕ್ಷರವು ಕಣ್ಣಿನೊಳಗೆ ಗೀಚಿದಂತೆ ಹರಡಿಕೊಳ್ಳುತ್ತದೆ. ಪುಟವನ್ನು ಸೆಕೆಂಡಿಗೆ ೧೨ ಸೆಂಟಿಮೀಟರಿನಂತೆ ಸರಿಸುತ್ತೇವೆಂದು ಇಟ್ಟುಕೊಳ್ಳೋಣ. ೬೦ ಹರ್ಟ್ಸಿನ ಪರದೆಯಲ್ಲಿ ಪ್ರತಿಯೊಂದು ಹಾರಿಕೆಯೂ ೨ ಮಿಲಿಮೀಟರು. ೧೨೦ರಲ್ಲಿ ೧ ಮಿಲಿಮೀಟರು. ಸಣ್ಣ ಅಕ್ಷರದ ಎತ್ತರವೇ ಎರಡು ಮೂರು ಮಿಲಿಮೀಟರಾಗಿರುವಾಗ ಈ ವ್ಯತ್ಯಾಸವು ಅಲ್ಪವಲ್ಲ. ಅದರಲ್ಲಿಯೂ ಕನ್ನಡ ಲಿಪಿಯಲ್ಲಿ ತಲೆಕಟ್ಟು, ಗುಡಿಸು, ಕೊಂಬು, ಸಾಲಿನ ಕೆಳಗೆ ಇಳಿಯುವ ಒತ್ತಕ್ಷರ ಇವೆಲ್ಲ ಸೂಕ್ಷ್ಮವಾದ ಗುರುತುಗಳು. ಮಸುಕಿನಲ್ಲಿ ಮೊದಲು ಅಳಿಯುವುವು ಇವೇ. ಉದ್ದವಾದ ಪುಟವನ್ನು ಸರಿಸುತ್ತಲೇ ಬೇಕಾದ ಸಾಲನ್ನು ಹುಡುಕುವವರಿಗೆ ವೇಗದ ಪರದೆಯಿಂದ ಆಗುವ ಅನುಕೂಲವು ನಿಜವಾದುದು.

ಎರಡನೆಯದು ಬರೆಯುವವರಿಗೆ ಸಂಬಂಧಿಸಿದ್ದು. ನಮ್ಮ ಅಭಿಪ್ರಾಯದಲ್ಲಿ ಇದೇ ಮುಖ್ಯವಾದ ಪ್ರಯೋಜನ. ಹಿಂದಿನ ಬೇಸಗೆಯ ರಜೆಯಲ್ಲಿ ಏಳು ವರ್ಷದ ನಮ್ಮ ಮೊಮ್ಮಗಳು ಮನೆಯಲ್ಲಿದ್ದ ಹಳೆಯ ಟ್ಯಾಬ್ಲೆಟ್ಟಿನ ಮೇಲೆ ಅದರ ಲೇಖನಿಯಿಂದ ಅಕ್ಷರಗಳನ್ನು ತಿದ್ದುತ್ತಿದ್ದಳು. ಳಕಾರಕ್ಕೆ ಬಂದಾಗ ಮಗುವು ಬೇಸರದಿಂದ ಲೇಖನಿಯನ್ನು ಕೆಳಗಿಟ್ಟು, "ತಾತ, ಗೆರೆ ನನ್ನ ಹಿಂದೆ ಹಿಂದೆ ಬರತ್ತೆ. ನಾನು ತಿರುಗಿದ ಮೇಲೆ ಅದು ತಿರುಗತ್ತೆ" ಎಂದಳು. ಅವಳ ಸೋದರಮಾವನು ತಂದಿದ್ದ ೧೨೦ ಹರ್ಟ್ಸಿನ ಯಂತ್ರವನ್ನು ಕೊಟ್ಟು ಅದೇ ಅಕ್ಷರವನ್ನು ಬರೆಯಹೇಳಿದೆವು. ಬಳಪದಷ್ಟಲ್ಲದಿದ್ದರೂ ಗೆರೆಯು ಕೈಯ ಸಂಗಡವೇ ಹೋಯಿತು. ಮಗುವು ಪುಟ ತುಂಬಿಸಿ ಎದ್ದಿತು. ಹಲವು ವರ್ಷ ಮಕ್ಕಳ ಕೈ ಹಿಡಿದು ತಿದ್ದಿಸಿದ ನಮಗೆ ಇದರ ಮರ್ಮವು ಸ್ಪಷ್ಟವಾಗಿಯೇ ಕಂಡಿತು. ಅಕ್ಷರ ಕಲಿಯುವ ಮಗುವು ತಾನು ಎಳೆದ ಗೆರೆಯನ್ನು ನೋಡಿಕೊಂಡೇ ಮುಂದಿನ ತಿರುವನ್ನು ತಿರುಗಿಸುತ್ತದೆ. ಗೆರೆಯು ತಡವಾಗಿ ಬಂದರೆ ಕೈಗೆ ದಾರಿ ತೋರಿಸುವವರು ಯಾರು?

ಈ ತಡವನ್ನು ಲೆಕ್ಕದಿಂದಲೂ ತೋರಿಸಬಹುದು. ಲೇಖನಿಯು ಸೆಕೆಂಡಿಗೆ ೧೦ ಸೆಂಟಿಮೀಟರು ಚಲಿಸುವಾಗ ೫೦ ಮಿಲಿಸೆಕೆಂಡುಗಳ ವಿಳಂಬವಿದ್ದರೆ ಗೆರೆಯು ೫ ಮಿಲಿಮೀಟರು ಹಿಂದೆ ಬೀಳುತ್ತದೆ. ೨೦ ಮಿಲಿಸೆಕೆಂಡಾದರೆ ೨ ಮಿಲಿಮೀಟರು. ೨೦೧೭ರ ಜೂನ್ ತಿಂಗಳಲ್ಲಿ ಆಪಲ್ ಕಂಪೆನಿಯವರು ೧೨೦ ಹರ್ಟ್ಸಿನ ಪರದೆಯುಳ್ಳ ಐಪ್ಯಾಡ್ ಪ್ರೋ ಯಂತ್ರವನ್ನು ಹೊರತಂದಾಗ ತಮ್ಮ ಲೇಖನಿಯ ವಿಳಂಬವು ೨೦ ಮಿಲಿಸೆಕೆಂಡಿಗೆ ಇಳಿಯಿತೆಂದು ಪ್ರಕಟಿಸಿದರು. ೨೦೧೯ರಲ್ಲಿ ತಂತ್ರಾಂಶವನ್ನು ತಿದ್ದಿ ಅದನ್ನೇ ೯ಕ್ಕೆ ಇಳಿಸಿದರು. ೨೦೨೦ರಲ್ಲಿ ಸ್ಯಾಮ್ಸಂಗ್ ಕಂಪೆನಿಯವರ ಗ್ಯಾಲಕ್ಸಿ ಟ್ಯಾಬ್ ಎಸ್ ೭ ಸಹ ೧೨೦ ಹರ್ಟ್ಸಿನ ಪರದೆಯೊಡನೆಯೂ ೯ ಮಿಲಿಸೆಕೆಂಡಿನ ವಿಳಂಬದೊಡನೆಯೂ ಬಂದಿತು. ಇದರಿಂದ ಎರಡು ಸಂಗತಿಗಳು ಸಿದ್ಧವಾಗುತ್ತವೆ: ಪರದೆಯ ವೇಗವು ಬರವಣಿಗೆಗೆ ಸಹಾಯಕವೆಂಬುದು ಒಂದು, ಅದೊಂದೇ ಸಾಲದು, ತಂತ್ರಾಂಶವೂ ಲೇಖನಿಯೂ ಚೆನ್ನಾಗಿರಬೇಕೆಂಬುದು ಇನ್ನೊಂದು.

ಮೂರನೆಯ ಪ್ರಯೋಜನವು ಚಿಕ್ಕದು. ೨೪ ಚಿತ್ರಗಳ ಸಿನಿಮಾವನ್ನು ೬೦ ಹರ್ಟ್ಸಿನಲ್ಲಿ ತೋರಿಸುವಾಗ ಒಂದೊಂದು ಚಿತ್ರಕ್ಕೆ ಎರಡೂವರೆ ಸಲದ ಪಾಲು ಬರುತ್ತದೆ. ಅರ್ಧ ಸಲವೆಂಬುದು ಅಸಾಧ್ಯವಾದುದರಿಂದ ಯಂತ್ರವು ಒಂದನ್ನು ಎರಡು ಸಲವೂ ಮತ್ತೊಂದನ್ನು ಮೂರು ಸಲವೂ ತೋರಿಸುತ್ತದೆ. ಕ್ಯಾಮೆರಾವು ನಿಧಾನವಾಗಿ ಒಂದು ಕಡೆಗೆ ತಿರುಗುವ ದೃಶ್ಯಗಳಲ್ಲಿ ಇದರಿಂದ ಸಣ್ಣ ಮುಗ್ಗರಿಕೆಯು ಕಾಣುವುದುಂಟು. ೧೨೦ರಲ್ಲಿ ಪ್ರತಿಯೊಂದು ಚಿತ್ರಕ್ಕೂ ಸರಿಯಾಗಿ ಐದೈದು ಸಲ ದೊರಕಿ ಈ ದೋಷವು ನೀಗುತ್ತದೆ. ವೇಗದ ಆಟಗಳನ್ನಾಡುವ ತರುಣರಿಗೂ ಲಾಭವಿದೆ. ಆದರೆ ಆಟದ ತಂತ್ರಾಂಶವೂ ಯಂತ್ರದ ಪ್ರೊಸೆಸರೂ ಸೆಕೆಂಡಿಗೆ ಅಷ್ಟು ಚಿತ್ರಗಳನ್ನು ಒದಗಿಸಲು ಸಮರ್ಥವಾಗಿರಬೇಕು. ಬಡಿಸುವವನು ಚುರುಕಾಗಿದ್ದರೂ ಅಡಿಗೆಯವನು ನಿಧಾನವಾದರೆ ಪಂಕ್ತಿಯು ಕಾಯಲೇಬೇಕಷ್ಟೆ.

ಇನ್ನು ಅಂಗಡಿಯವನ ಮಾತಿನ ಉಳಿದ ಅರ್ಧವನ್ನು ಪರೀಕ್ಷಿಸೋಣ. "ಕಣ್ಣಿಗೆ ಒಳ್ಳೆಯದು" ಎಂಬ ಮಾತನ್ನು ತಂದೆತಾಯಿಗಳು ಬಹಳ ಎಚ್ಚರದಿಂದ ಕೇಳತಕ್ಕದ್ದು. ಪುಟವು ಸರಿಯುವಾಗ ಕಣ್ಣಿಗೆ ಹಿತವಾಗಬಹುದು, ನಿಜ. ಆದರೆ ಪುಟವನ್ನು ನಿಲ್ಲಿಸಿ ಓದುವಾಗ ೬೦ಕ್ಕೂ ೧೨೦ಕ್ಕೂ ಅಕ್ಷರದ ಅಂದದಲ್ಲಿ ಯಾವ ಭೇದವೂ ಇಲ್ಲ. ನಿಂತ ಅಕ್ಷರದ ಸ್ಪಷ್ಟತೆಯು ಪರದೆಯಲ್ಲಿನ ಬಿಂದುಗಳ ಸಾಂದ್ರತೆಯನ್ನೂ ಬೆಳಕನ್ನೂ ಅವಲಂಬಿಸಿದೆಯೇ ಹೊರತು ಈ ವೇಗವನ್ನಲ್ಲ. ಕಣ್ಣು ಆಯಾಸಗೊಳ್ಳುವುದಕ್ಕೆ ಕಾರಣಗಳು ಬೇರೆ. ಪರದೆಯನ್ನು ನೋಡುವಾಗ ನಾವು ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. ಬಹಳ ಹೊತ್ತು ಹತ್ತಿರದಿಂದಲೇ ನೋಡುವುದರಿಂದ ಕಣ್ಣಿನ ಸ್ನಾಯುಗಳು ದಣಿಯುತ್ತವೆ. ಕತ್ತಲೆ ಕೋಣೆಯಲ್ಲಿ ಪ್ರಖರವಾದ ಪರದೆಯು ಕುಕ್ಕುತ್ತದೆ. ಇವುಗಳಲ್ಲಿ ಒಂದನ್ನೂ ರಿಫ್ರೆಶ್ ರೇಟು ನಿವಾರಿಸಲಾರದು. ಓಎಲ್ಇಡಿ ಜಾತಿಯ ಅನೇಕ ಪರದೆಗಳಲ್ಲಿ ಬೆಳಕನ್ನು ತಗ್ಗಿಸಿದಾಗ ಉಂಟಾಗುವ ಸೂಕ್ಷ್ಮವಾದ ಮಿನುಗು ಸಹ ಬೇರೆಯೇ ವಿಷಯ; ೧೨೦ ಎಂಬ ಅಂಕಿಯನ್ನು ನೋಡಿ ಆ ಮಿನುಗಿಲ್ಲವೆಂದು ತಿಳಿಯಕೂಡದು.

ಅಪಾಯವಿರುವುದು ಇಲ್ಲಿಯೇ. ಪರದೆಯು ಕಣ್ಣಿಗೆ ಹಿತವಾದುದೆಂದು ನಂಬಿದ ತಾಯಿಯು ಒಂದು ಗಂಟೆ ಕೊಡಬೇಕಾದಲ್ಲಿ ಮಗುವಿಗೆ ಮೂರು ಗಂಟೆ ಕೊಟ್ಟಾಳು. ಹೆಚ್ಚು ಹಣ ಕೊಟ್ಟು ತಂದ ಗುಣವೇ ಹೀಗೆ ದೋಷಕ್ಕೆ ಕಾರಣವಾದೀತು. ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೯ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಎರಡರಿಂದ ನಾಲ್ಕು ವರ್ಷದ ಮಕ್ಕಳು ಕುಳಿತು ಪರದೆ ನೋಡುವ ಕಾಲವು ದಿನಕ್ಕೆ ಒಂದು ಗಂಟೆಯನ್ನು ಮೀರಬಾರದೆಂದೂ, ಕಡಿಮೆಯಾದಷ್ಟೂ ಲೇಸೆಂದೂ ಹೇಳಿದ್ದಾರೆ. ಅದಕ್ಕೂ ಚಿಕ್ಕ ಕೂಸುಗಳಿಗೆ ಪರದೆಯೇ ಬೇಡವೆಂಬುದು ಅವರ ಸಲಹೆ. ದೊಡ್ಡವರು ಸಹ ಇಪ್ಪತ್ತು ನಿಮಿಷಗಳಿಗೊಮ್ಮೆ ಇಪ್ಪತ್ತು ಅಡಿ ದೂರದ ವಸ್ತುವನ್ನು ಇಪ್ಪತ್ತು ಸೆಕೆಂಡುಗಳ ಕಾಲ ನೋಡಬೇಕೆಂದು ನೇತ್ರವೈದ್ಯರು ಹೇಳುವುದುಂಟು. ಬೆಳೆಯುವ ಮಕ್ಕಳು ಹಗಲಿನ ಬೆಳಕಿನಲ್ಲಿ ಹೊರಗೆ ಆಡುವುದು ಸಮೀಪದೃಷ್ಟಿಯ ದೋಷವನ್ನು ತಡೆಯಲು ಸಹಾಯಕವೆಂಬುದೂ ಪರೀಕ್ಷೆಗಳಿಂದ ತಿಳಿದುಬಂದಿದೆ. ಇವಕ್ಕೆ ಕಾಸಿನ ಖರ್ಚೂ ಇಲ್ಲ.

ಕೊಳ್ಳುವವರು ಗಮನಿಸತಕ್ಕ ಇನ್ನೆರಡು ಸಂಗತಿಗಳಿವೆ. ಜಾಹೀರಾತುಗಳಲ್ಲಿ ೨೪೦ ಹರ್ಟ್ಸಿನ ಟಚ್ ಸ್ಯಾಂಪ್ಲಿಂಗ್ ಎಂದು ದೊಡ್ಡ ಅಕ್ಷರಗಳಲ್ಲಿ ಅಚ್ಚುಮಾಡಿರುವುದುಂಟು. ಅದು ಬೆರಳು ಎಲ್ಲಿದೆಯೆಂದು ಯಂತ್ರವು ಸೆಕೆಂಡಿಗೆ ಎಷ್ಟು ಸಲ ವಿಚಾರಿಸುತ್ತದೆಯೆಂಬ ಲೆಕ್ಕ. ಚಿತ್ರವನ್ನು ಬರೆಯುವ ಲೆಕ್ಕವಲ್ಲ. ಎರಡನ್ನೂ ಒಂದೆಂದು ಭಾವಿಸಬಾರದು. ಇನ್ನೊಂದು, ಹೆಚ್ಚು ಸಲ ಬರೆಯುವ ಪರದೆಯು ಹೆಚ್ಚು ವಿದ್ಯುತ್ತನ್ನು ತಿನ್ನುತ್ತದೆ. ಈ ಕಾರಣದಿಂದ ಉತ್ತಮ ಯಂತ್ರಗಳು ಪುಟವು ನಿಂತಿರುವಾಗ ವೇಗವನ್ನು ತಾವಾಗಿಯೇ ತಗ್ಗಿಸಿಕೊಳ್ಳುತ್ತವೆ. ೨೦೨೪ರಲ್ಲಿ ಬಂದ ಐಪ್ಯಾಡ್ ಪ್ರೋ ೧೦ ಹರ್ಟ್ಸಿನವರೆಗೂ ಇಳಿಯಬಲ್ಲದು. ಈ ಶಕ್ತಿಯಿಲ್ಲದ ಯಂತ್ರದಲ್ಲಿ ವೇಗವು ಬೇಡವಾದಾಗ ಸೆಟ್ಟಿಂಗ್ಸಿನೊಳಗೆ ಹೋಗಿ ನಾವೇ ೬೦ಕ್ಕೆ ಇಳಿಸಬಹುದು.

ಹಾಗಾದರೆ ಯಾರು ಯಾವುದನ್ನು ಕೊಳ್ಳಬೇಕು? ಪಾಠದ ವೀಡಿಯೊ ನೋಡುವುದು, ಸಿನಿಮಾ ನೋಡುವುದು, ಒಂದೊಂದೇ ಪುಟ ತಿರುವಿ ಪುಸ್ತಕ ಓದುವುದು, ದೂರದಲ್ಲಿರುವ ಮಕ್ಕಳೊಡನೆ ಮುಖ ನೋಡಿ ಮಾತನಾಡುವುದು ಇಷ್ಟೇ ಬಳಕೆಯಾದರೆ ೬೦ ಹರ್ಟ್ಸು ಧಾರಾಳವಾಗಿ ಸಾಕು. ಉಳಿದ ಹಣವನ್ನು ದೊಡ್ಡದಾದ, ಚೆನ್ನಾಗಿ ಬೆಳಗುವ ಪರದೆಗೆ ವಿನಿಯೋಗಿಸುವುದು ಮೇಲು. ಲೇಖನಿಯಿಂದ ಬರೆಯುವ ವಿದ್ಯಾರ್ಥಿಗಳಿಗೂ, ಚಿತ್ರ ಬರೆಯುವವರಿಗೂ, ದಿನವೆಲ್ಲ ಉದ್ದವಾದ ಪುಟಗಳನ್ನು ಸರಿಸುತ್ತಾ ಓದುವವರಿಗೂ ೯೦ ಅಥವಾ ೧೨೦ ಸಾರ್ಥಕವಾದ ವೆಚ್ಚ. ಅದಕ್ಕೂ ಮೇಲಕ್ಕೆ ಹೋಗುವುದರಿಂದ ಲಾಭವು ಬೇಗನೆ ಕ್ಷೀಣಿಸುತ್ತದೆ. ೬೦ರಿಂದ ೧೨೦ಕ್ಕೆ ಏರಿದರೆ ಪ್ರತಿ ಚಿತ್ರಕ್ಕೆ ೮.೩ ಮಿಲಿಸೆಕೆಂಡುಗಳ ಉಳಿತಾಯ. ೧೨೦ರಿಂದ ೧೪೪ಕ್ಕೆ ಏರಿದರೆ ಕೇವಲ ೧.೪.

ಇಷ್ಟಾದರೂ ಅಂಕಿಯನ್ನು ನಂಬಿ ಕೊಳ್ಳುವ ಅಗತ್ಯವಿಲ್ಲ; ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಕನ್ನಡದ ಉದ್ದವಾದ ಪುಟವೊಂದನ್ನು ತೆರೆಯಿಸಿ, ಬೆರಳಿನಿಂದ ಮೆಲ್ಲಗೆ ಸರಿಸುತ್ತಾ ಓದಲು ಪ್ರಯತ್ನಿಸಿರಿ. ಒತ್ತಕ್ಷರಗಳು ಕಾಣುತ್ತವೆಯೇ ನೋಡಿರಿ. ಲೇಖನಿಯಿದ್ದರೆ ಳ, ಖ, ಜ್ಞ ಈ ಅಕ್ಷರಗಳನ್ನು ನಿಮ್ಮ ಸಹಜವಾದ ವೇಗದಲ್ಲಿ ಬರೆದು, ಗೆರೆಯು ಮೊನೆಯಿಂದ ಎಷ್ಟು ದೂರದಲ್ಲಿದೆಯೆಂದು ಗಮನಿಸಿರಿ. ಅನಂತರ ಅದೇ ಯಂತ್ರವನ್ನು ೬೦ಕ್ಕೆ ಇಳಿಸಿ ಪುನಃ ನೋಡಿರಿ. ಸ್ಯಾಮ್ಸಂಗ್ ಯಂತ್ರಗಳಲ್ಲಿ ಡಿಸ್‌ಪ್ಲೇ ಎಂಬ ಭಾಗದೊಳಗೆ ಮೋಶನ್ ಸ್ಮೂತ್‌ನೆಸ್ ಎಂಬಲ್ಲಿಯೂ, ಐಪ್ಯಾಡ್ ಪ್ರೋದಲ್ಲಿ ಆಕ್ಸೆಸಿಬಿಲಿಟಿಯ ಮೋಶನ್ ಎಂಬಲ್ಲಿಯೂ ಇದಕ್ಕೆ ಅನುಕೂಲವಿದೆ. ಭೇದವು ನಿಮ್ಮ ಕಣ್ಣಿಗೂ ಕೈಗೂ ತಿಳಿದರೆ ಹಣ ಕೊಡಿರಿ. ತಿಳಿಯದಿದ್ದರೆ ಹಣವನ್ನು ಮನೆಗೆ ತನ್ನಿರಿ. ಯಂತ್ರವನ್ನು ಬಳಸುವ ಮಗುವನ್ನೋ ವೃದ್ಧರನ್ನೋ ಸಂಗಡ ಕರೆದುಕೊಂಡು ಹೋಗಿ ಅವರ ಕೈಯಲ್ಲಿಯೇ ಈ ಪರೀಕ್ಷೆಯನ್ನು ಮಾಡಿಸುವುದು ಎಲ್ಲಕ್ಕಿಂತಲೂ ಉತ್ತಮ.