ಔಷಧದಂಗಡಿಯ ಹೊಣೆ

2020ನೆಯ ಮಾರ್ಚ್ 17ರಂದು ಗೋಳಗುಮ್ಮಟದ ಬಾಗಿಲು ನೋಡಬಂದವರಿಗೆ ಮುಚ್ಚಿತು. ಎಂಟು ದಿನ ಕಳೆಯುವಷ್ಟರಲ್ಲಿ ದೇಶಕ್ಕೆ ದೇಶವೇ ಬಾಗಿಲಿಕ್ಕಿಕೊಂಡಿತು. ವಿಜಯಪುರದ ಪೇಟೆ ಬರಿದಾಯಿತು. ಟಿಕೋಟಾ, ಬಬಲೇಶ್ವರಗಳಿಂದ ನಗರಕ್ಕೆ ಬರುವ ಬಸ್ಸುಗಳು ನಿಂತವು. ಆಗ ತೆರೆದಿರಲು ಅಪ್ಪಣೆಯಿದ್ದ ಕೆಲವೇ ಬಾಗಿಲುಗಳಲ್ಲಿ ಔಷಧದಂಗಡಿಯದೂ ಒಂದು. ಆ ದಿನಗಳು ಸಂದುಹೋದವು; ಅವು ಕಲಿಸಿದ ಪಾಠವನ್ನು ನಾವು ಮರೆಯಬಾರದು.

ರೋಗಿಯು ಕೇಳಿದ ಔಷಧವನ್ನು ತಡವಿಲ್ಲದೆ ಕೊಡುವುದೇ ಅಂಗಡಿಯ ಕೆಲಸವೆಂದು ಬಹುಜನರ ತಿಳುವಳಿಕೆ. ಇದು ಅರ್ಧ ಸತ್ಯವು. ಕೊಡಬಾರದ್ದನ್ನು ಕೊಡದಿರುವುದು ಉಳಿದ ಅರ್ಧ.

ಮೊದಲನೆಯ ಅರ್ಧವೇನೂ ಸಣ್ಣದಲ್ಲ. ಮಧುಮೇಹ, ರಕ್ತದೊತ್ತಡ, ಹೃದ್ರೋಗಗಳುಳ್ಳವರಿಗೆ ಮಹಾಮಾರಿಯಷ್ಟೇ ಭಯಂಕರವಾದುದು ನಿತ್ಯದ ಗುಳಿಗೆ ತಪ್ಪುವುದು. ಆದುದರಿಂದಲೇ ಕೇಂದ್ರ ಸರಕಾರವು 2020ರ ಮಾರ್ಚ್ 26ರಂದು, ವೈದ್ಯರ ಚೀಟಿಯ ಆಧಾರದ ಮೇಲೆ ಔಷಧವನ್ನು ಮನೆಬಾಗಿಲಿಗೆ ಮುಟ್ಟಿಸಲು ಅನುಮತಿಯನ್ನಿತ್ತಿತು. ಜ್ವರದ ಗುಳಿಗೆ ಕೇಳಬಂದವನನ್ನು ಎರಡು ಮಾತು ವಿಚಾರಿಸಿ ಪರೀಕ್ಷೆಗೆ ಕಳಿಸಿದ ಅಂಗಡಿಕಾರನು ಅವನ ಮನೆಯವರೆಲ್ಲರನ್ನೂ ಕಾಪಾಡಿದಂತೆಯೇ ಸರಿ.

ಎರಡನೆಯ ಅರ್ಧವು ಕಠಿಣವಾದುದು. ಗುಮ್ಮಟದ ಮೊಗಸಾಲೆಯಲ್ಲಿ ಆಡಿದ ಪಿಸುಮಾತು ಹಲವು ಸಲ ಮರುದನಿಗೊಡುವಂತೆ, ಆ ಕಾಲದಲ್ಲಿ ಒಂದೊಂದು ಔಷಧದ ಹೆಸರೂ ಊರೂರಿಗೆ ಹಬ್ಬಿತು. ಹೈಡ್ರಾಕ್ಸಿಕ್ಲೋರೋಕ್ವಿನ್ ಗುಳಿಗೆಗೆ ಜನ ಮುಗಿಬಿದ್ದರು. ಸಂಧಿವಾತದ ರೋಗಿಗಳಿಗೆ ಅದು ನಿತ್ಯದ ಅವಶ್ಯಕತೆ. ಮೇಲೆ ಹೇಳಿದ ದಿನವೇ ಸರಕಾರವು ಅದನ್ನು ಎಚ್-1 ಅನುಸೂಚಿಯ ಕಟ್ಟಳೆಗೆ ಒಳಪಡಿಸಿತು. ಅಂದರೆ ವೈದ್ಯರ ಚೀಟಿ ಬೇಕು. ವೈದ್ಯರ ಹೆಸರು, ರೋಗಿಯ ಹೆಸರು, ಕೊಟ್ಟ ಪ್ರಮಾಣ ಇವನ್ನು ದಾಖಲೆ ಪುಸ್ತಕದಲ್ಲಿ ಬರೆದು ಮೂರು ವರ್ಷ ಕಾಯ್ದಿಡಬೇಕು.

ಸ್ಟಿರಾಯ್ಡಿನ ಕಥೆ ಇನ್ನೂ ಬೋಧಪ್ರದವಾಗಿದೆ. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಔಷಧವು ಆಮ್ಲಜನಕದ ನೆರವು ಬೇಕಾದ ರೋಗಿಗಳ ಪ್ರಾಣ ಉಳಿಸುವುದೆಂದು 2020ರ ಜೂನ್‌ನಲ್ಲಿ ಬ್ರಿಟನ್ನಿನ ಪ್ರಯೋಗವು ತೋರಿಸಿತು. ಆ ನೆರವು ಬೇಕಿಲ್ಲದವರಿಗೆ ಅದರಿಂದ ಪ್ರಯೋಜನವಿಲ್ಲೆಂಬುದನ್ನೂ ತೋರಿಸಿತು. ಜನರು ಮೊದಲ ಮಾತನ್ನು ಕೇಳಿದರು, ಎರಡನೆಯದನ್ನು ಕೇಳಲಿಲ್ಲ. 2021ರ ಎರಡನೆಯ ಅಲೆಯಲ್ಲಿ ಕಪ್ಪು ಶಿಲೀಂಧ್ರ ರೋಗವು ಮಧುಮೇಹಿಗಳನ್ನೂ ಸ್ಟಿರಾಯ್ಡ್ ಸೇವಿಸಿದವರನ್ನೂ ವಿಶೇಷವಾಗಿ ಕಾಡಿತು. ಅಂಥ ವೇಳೆಯಲ್ಲಿ ಚೀಟಿಯಿಲ್ಲದವನಿಗೆ 'ಇಲ್ಲ' ಎಂದ ಅಂಗಡಿಕಾರನು ಗಿರಾಕಿಯನ್ನು ಕಳೆದುಕೊಂಡಿರಬಹುದು. ಆದರೆ ಒಂದು ಕಣ್ಣನ್ನು, ಒಂದು ಜೀವವನ್ನು ಉಳಿಸಿರಲೂಬಹುದು.

ಈ 'ಇಲ್ಲ' ಎಂಬ ಮಾತನ್ನು ತಿಳಿದು ಹೇಳಬಲ್ಲವನು ಯಾರು? 1948ರ ಫಾರ್ಮಸಿ ಕಾಯದೆಯು ಔಷಧ ವಿತರಣೆಯ ಅಧಿಕಾರವನ್ನು ನೋಂದಾಯಿತ ಫಾರ್ಮಸಿಸ್ಟನಿಗೆ ಕೊಟ್ಟಿದೆ. ಆದರೆ ಪ್ರಮಾಣಪತ್ರವು ಗೋಡೆಯ ಮೇಲಿದ್ದು ಅದರ ಒಡೆಯನು ಬೇರೊಂದು ಊರಲ್ಲಿರುವ ಅಂಗಡಿಗಳು ನಾಡಿನಲ್ಲಿ ಅಪರೂಪವಲ್ಲ. ಗೋಡೆಯ ಪತ್ರವು ರೋಗಿಯನ್ನು ವಿಚಾರಿಸಲಾರದು. ವಿಜಯಪುರದಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಯ ಫಾರ್ಮಸಿ ಕಾಲೇಜು ಇರುವಾಗ, ಕಲಿತ ತರುಣರು ಸಿಗುವುದಿಲ್ಲವೆಂಬ ನೆವವು ಈ ಸೀಮೆಯಲ್ಲಿ ನಿಲ್ಲದು.

ಅಧಿಕಾರಿಗಳಿಗೆ ನಮ್ಮ ಸೂಚನೆಯಿಷ್ಟೆ: ಅಂಗಡಿಯ ತಪಾಸಣೆಗೆ ಹೋದಾಗ ಪತ್ರವನ್ನಲ್ಲ, ಮನುಷ್ಯನನ್ನು ಕಾಣಬಯಸಿರಿ, ನಗರದಷ್ಟೇ ಬಿಗಿಯಾಗಿ ಟಿಕೋಟಾ, ಬಬಲೇಶ್ವರದ ಹಳ್ಳಿಗಳಲ್ಲಿಯೂ ಇದನ್ನು ನಡೆಸಿರಿ. ನಿಯಮ ಪಾಲಿಸುವ ಅಂಗಡಿಕಾರನಿಗೆ ಮುಂದಿನ ಸಂಕಟಕಾಲದಲ್ಲಿ ಆರೋಗ್ಯ ಸೇವಕರ ಯಾದಿಯಲ್ಲಿ ಸ್ಥಾನವನ್ನೂ ರಕ್ಷಣೆಯನ್ನೂ ಕೊಡಿರಿ. ನಾಗರಿಕರಿಗೂ ಒಂದು ಮಾತು: ಚೀಟಿ ಕೇಳಿದ ಅಂಗಡಿಕಾರನ ಮೇಲೆ ಸಿಟ್ಟಾಗದಿರಿ, ಅವನು ನಿಮ್ಮ ಹಿತವನ್ನೇ ಬಯಸಿದವನು. ಮಹಾಮಾರಿಯು ಹೇಳಿ ಬರುವುದಿಲ್ಲ. ಈ ಶಿಸ್ತು ಅದು ಬರುವ ಮೊದಲೇ ರೂಢಿಯಾಗಬೇಕು.