ಗ, ಹ, ಬ ನಡುವಿನ ಕೆಂಪು ಚುಕ್ಕೆ

2025ರ ಆಗಸ್ಟಿನಲ್ಲಿ ಆರ್.ವಿ. ರಸ್ತೆಯಿಂದ ಆನೇಕಲ್ ತಾಲ್ಲೂಕಿನ ಬೊಮ್ಮಸಂದ್ರದವರೆಗೆ ಬೆಂಗಳೂರು ಮೆಟ್ರೋದ ಹಳದಿ ಮಾರ್ಗ ಶುರುವಾದ ಮೇಲೆ, ಎಲೆಕ್ಟ್ರಾನಿಕ್ ಸಿಟಿಗೆ ಹೋಗಿಬರುವವರಿಗೆ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆಯಲು ಇನ್ನೊಂದು ಜಾಗ ಸಿಕ್ಕಿದೆ. ಸೀಟು ಸಿಕ್ಕರೆ, ಆ ಮಾತು ಬೇರೆ. ಅಲ್ಲಿ ಮೌಸ್ ಇಡಲು ಮೇಜಿಲ್ಲ, ಬೆರಳೇ ಗತಿ. ಆ ಬೆರಳು ಕೀಬೋರ್ಡಿನ ಕೆಳಗಿನ ನುಣುಪು ಫಲಕದ ಮೇಲೆ ಆಡಬೇಕೋ, ಕೀಲಿಗಳ ನಡುವೆ ತಲೆಯೆತ್ತಿದ ರಬ್ಬರ್ ಗುಬುಟಿನ ಮೇಲೋ? ಮೊದಲನೆಯದು ಎಲ್ಲರಿಗೂ ಗೊತ್ತಿರುವ ಟಚ್‌ಪ್ಯಾಡ್. ಎರಡನೆಯದು ಪಾಯಿಂಟಿಂಗ್ ಸ್ಟಿಕ್. ಥಿಂಕ್‌ಪ್ಯಾಡಿನ ಕೆಂಪು ಚುಕ್ಕೆ ಎಂದರೆ ಹಲವರಿಗೆ ಹೊಳೆದೀತು. ಮಾರುಕಟ್ಟೆಯಲ್ಲಿ ಗೆದ್ದದ್ದು ಟಚ್‌ಪ್ಯಾಡ್. ಆದರೆ ದಿನವಿಡೀ ಬರೆಯುವವರಿಗೆ, ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ, ಸೋತದ್ದೇ ಮೇಲು ಎಂದು ನನಗನ್ನಿಸುತ್ತದೆ.

ಕೀಬೋರ್ಡಿನಿಂದ ಮೌಸಿಗೆ ಕೈ ಒಯ್ಯಲು ಸುಮಾರು 0.75 ಸೆಕೆಂಡು ಬೇಕು, ಮರಳಲು ಹೆಚ್ಚುಕಡಿಮೆ ಅಷ್ಟೇ. 1984ರಲ್ಲಿ ಇದನ್ನು ಓದಿದ ಸಂಶೋಧಕ ಟೆಡ್ ಸೆಲ್ಕರ್, ಕೈ ಕದಲದೆಯೇ ಕರ್ಸರ್ ಕದಲುವ ದಾರಿ ಹುಡುಕಿದರು. ಐಬಿಎಂ 1992ರಲ್ಲಿ ತಂದ ಥಿಂಕ್‌ಪ್ಯಾಡ್ 700ಸಿಯಲ್ಲಿ ಆ ಗುಬುಟು ಕಾಣಿಸಿಕೊಂಡಿತು. ನೋಡಲು ಜಾಯ್‌ಸ್ಟಿಕ್‌ನಂತಿದ್ದರೂ ಅದು ಹೆಚ್ಚೇನೂ ಅಲುಗುವುದಿಲ್ಲ. ಬುಡದ ಸಂವೇದಕಗಳು ಬೆರಳಿನ ಒತ್ತಡವನ್ನು ಅಳೆಯುತ್ತವೆ, ಜೋರಾಗಿ ಒತ್ತಿದಷ್ಟೂ ಕರ್ಸರ್ ಜೋರಾಗಿ ಓಡುತ್ತದೆ. ಆ್ಯಪಲ್ 1994ರ ಪವರ್‌ಬುಕ್ 500ರಲ್ಲಿ ತಂದ ಟಚ್‌ಪ್ಯಾಡಿನ ಲೆಕ್ಕವೇ ಬೇರೆ: ಬೆರಳು ಸೋಕಿದಲ್ಲಿ ಬದಲಾಗುವ ವಿದ್ಯುತ್ ಧಾರಣೆಯನ್ನು ಅದು ಗುರುತಿಸುತ್ತದೆ, ಬೆರಳು ಸರಿದ ದೂರಕ್ಕೆ ತಕ್ಕಂತೆ ಕರ್ಸರ್ ಸರಿಯುತ್ತದೆ. ಫಲಕದ ಅಂಚು ಬಂತೋ, ಬೆರಳೆತ್ತಿ ಮತ್ತೆ ಮೊದಲಿನಿಂದ ಎಳೆಯಬೇಕು. ಗುಬುಟಿಗೆ ಅಂಚೇ ಇಲ್ಲ.

ಜಿ, ಎಚ್, ಬಿ ಕೀಲಿಗಳ ನಡುವೆ ಅದರ ವಾಸ. ಕೆ.ಪಿ. ರಾವ್ ರೂಪಿಸಿದ ಕನ್ನಡ ಕೀಲಿಮಣೆ ವಿನ್ಯಾಸದಲ್ಲಿ ಟೈಪ್ ಮಾಡುವವರಿಗೆ ಅದೇ ಗ, ಹ, ಬ. ಆ ವಿನ್ಯಾಸದಲ್ಲಿ ಒತ್ತಕ್ಷರ ಕೂಡಿಸುವುದು ಎಫ್ ಕೀಲಿ; ‘ಸ್ತ್ರೀ’ ಎಂಬ ಒಂದೇ ಅಕ್ಷರಕ್ಕೆ ಅದನ್ನು ಎರಡು ಸಲ ಒತ್ತಬೇಕು. ಗುಬುಟಿರುವುದು ಅದರ ಪಕ್ಕದ ಕೀಲಿಯ ಮಗ್ಗುಲಲ್ಲೇ, ತೋರುಬೆರಳು ಚಾಚಿದರೆ ಸಾಕು. ಹೀಗೆ ಟೈಪ್ ಮಾಡುವಾಗ ಅಂಗೈ ಟಚ್‌ಪ್ಯಾಡಿಗೆ ತಗುಲಿ ಕರ್ಸರ್ ಮೇಲಿನ ಸಾಲಿಗೆ ಹಾರಿದರೆ ಒತ್ತು ಇನ್ನಾವುದೋ ಅಕ್ಷರದ ಕೊರಳಿಗೆ ಬೀಳುತ್ತದೆ. ಅಂಗೈ ಸ್ಪರ್ಶವನ್ನು ತಳ್ಳಿಹಾಕುವ ತಂತ್ರಾಂಶ ಈಗ ಚೆನ್ನಾಗಿ ಪಳಗಿದೆ, ನಿಜ. ಆದರೆ ಅದು ಮಾಡುವುದು ಊಹೆ. ಬೇಕೆಂದೇ ಮುಟ್ಟಿದ್ದನ್ನೂ ಒಮ್ಮೊಮ್ಮೆ ಕಡೆಗಣಿಸುತ್ತದೆ.

ಎದುರುವಾದಗಳಲ್ಲಿ ತೂಕವಿಲ್ಲದಿಲ್ಲ. ಎರಡು ಬೆರಳಲ್ಲಿ ಪುಟ ಸರಿಸುವುದು, ಚಿವುಟಿ ನಕ್ಷೆ ಹಿಗ್ಗಿಸುವುದು ಟಚ್‌ಪ್ಯಾಡಿನಲ್ಲಿ ನೀರು ಕುಡಿದಷ್ಟು ಸಲೀಸು. ಚಿತ್ರ, ನಕ್ಷೆಗಳ ಕೆಲಸದವರಿಗೆ ಅದೇ ಸರಿ. ಗುಬುಟು ಆಗಾಗ ತಾನಾಗಿಯೇ ಕರ್ಸರನ್ನು ತೆವಳಿಸುತ್ತದೆ ಎಂಬ ದೂರೂ ಹುಸಿಯಲ್ಲ. ಒಂದೇ ಸಮನೆ ಮೆಲ್ಲಗೆ ಒತ್ತುತ್ತಿದ್ದರೆ ಸಂವೇದಕ ಅದನ್ನೇ ವಿಶ್ರಾಂತ ಸ್ಥಿತಿ ಎಂದುಕೊಳ್ಳುತ್ತದೆ. ಬೆರಳೆತ್ತಿ ಒಂದು ಗಳಿಗೆ ಕಾದರೆ ಸರಿಹೋಗುತ್ತದೆ. ಕಲಿಯುವುದು ಕಷ್ಟ ಎಂಬುದೇ ದೊಡ್ಡ ಆಕ್ಷೇಪ. ಹೌದು, ಕೆಲವು ದಿನ ಕೈ ತಡವರಿಸುತ್ತದೆ. ಅಂಗಡಿಯಲ್ಲಿ ಹತ್ತು ನಿಮಿಷ ಮುಟ್ಟಿ ನೋಡುವವರಿಗೆ ಟಚ್‌ಪ್ಯಾಡೇ ಮೆಚ್ಚುಗೆಯಾಗುವುದು ಸಹಜ. ಆದರೆ ಅದು ಹತ್ತು ನಿಮಿಷದ ತೀರ್ಪು, ಲ್ಯಾಪ್‌ಟಾಪ್ ಬಾಳುವುದು ವರ್ಷಗಟ್ಟಲೆ. ಕಂಪನಿ ಕೊಡುವ ಯಂತ್ರವಾದರಂತೂ ಆರಿಸುವ ಕೈಯೇ ಬೇರೆ, ಒತ್ತುವ ಬೆರಳೇ ಬೇರೆ.

ಡೆಲ್, ಎಚ್‌ಪಿ ಕೂಡ ಹಿಂದೆ ತಮ್ಮ ಆಫೀಸ್ ಮಾದರಿಗಳಲ್ಲಿ ಗುಬುಟು ಕೊಡುತ್ತಿದ್ದವು. ಥಿಂಕ್‌ಪ್ಯಾಡ್ ಈಗ ಲೆನೊವೊ ಕೈಯಲ್ಲಿದೆ. 2013ರ ಟಿ440ರಲ್ಲಿ ಅದು ಗುಬುಟಿನ ಪ್ರತ್ಯೇಕ ಗುಂಡಿಗಳನ್ನು ತೆಗೆದುಹಾಕಿ, ಬಳಕೆದಾರರು ಗೊಣಗಿದ ಮೇಲೆ 2015ರ ಟಿ450ಯಲ್ಲಿ ಮರಳಿ ಕೂರಿಸಿತು. 2025ರಲ್ಲಿ ಬಂದ ಎಕ್ಸ್9 ಮಾದರಿಯಲ್ಲಿ ಕೆಂಪು ಚುಕ್ಕೆಯೇ ಇಲ್ಲ. ಒಂದು ಕೈ ನೋಡೋಣ ಎನ್ನುವವರಿಗೆ ಬೆಂಗಳೂರಿನ ಎಸ್.ಪಿ. ರೋಡಿನ ಹಳೆಯ ಥಿಂಕ್‌ಪ್ಯಾಡ್ ಸಾಕು. ರಬ್ಬರ್ ಟೋಪಿ ಸವೆದಿದ್ದರೆ ಚಿಂತೆಯಿಲ್ಲ, ಉಗುರಿನಲ್ಲೇ ಕಿತ್ತು ಹೊಸದು ಸಿಕ್ಕಿಸಬಹುದು.