ಬಾರದ ಕರೆಗೆ ಕಾದ ಜೆರೆಮಿ ಲಿನ್

ಅಮೆರಿಕದ ಪ್ರತಿಷ್ಠಿತ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಹತ್ತು ದಿನಗಳ ಒಪ್ಪಂದ ಎಂಬ ಪದ್ಧತಿಯೊಂದಿದೆ. ತಂಡಕ್ಕೆ ಆಟಗಾರರ ಕೊರತೆಯಾದಾಗ ಹೊರಗಿನ ಒಬ್ಬನನ್ನು ಹತ್ತು ದಿನಗಳ ಮಟ್ಟಿಗೆ ಕರೆಸಿಕೊಂಡು, ಆಟ ಮೆಚ್ಚುಗೆಯಾದರೆ ಉಳಿಸಿಕೊಳ್ಳುವ, ಇಲ್ಲವಾದರೆ ಬೀಳ್ಕೊಡುವ ಏರ್ಪಾಡು ಅದು. 2021ರಲ್ಲಿ 32ರ ಹರೆಯದ ಜೆರೆಮಿ ಲಿನ್ ಕಾದದ್ದು ಅಂತಹ ಒಂದೇ ಒಂದು ಕರೆಗಾಗಿ.

ಹಾಗೆ ಕಾದವರು ಹೊಸಬರೇನೂ ಆಗಿರಲಿಲ್ಲ. ಎನ್‌ಬಿಎಯಲ್ಲಿ 480 ಪಂದ್ಯಗಳನ್ನು ಆಡಿದ್ದವರು, ಒಂದು ಕಾಲಕ್ಕೆ ಜಗತ್ತೇ ಕೊಂಡಾಡಿದವರು.

ವಲಸಿಗರ ಮಗ

ಲಿನ್ ಅವರ ತಂದೆ-ತಾಯಿ ತೈವಾನ್‌ನಿಂದ ಅಮೆರಿಕಕ್ಕೆ ಬಂದು ನೆಲೆಸಿದವರು. ತಂದೆ ವೃತ್ತಿಯಲ್ಲಿ ಎಂಜಿನಿಯರ್. ದೊಡ್ಡ ಆಟಗಾರರ ಪಂದ್ಯಗಳ ವೀಡಿಯೊ ನೋಡಿ ನೋಡಿಯೇ ಬಾಸ್ಕೆಟ್‌ಬಾಲ್ ಕಲಿತ ಅವರು ಮೂವರು ಗಂಡುಮಕ್ಕಳನ್ನು ಸಂಜೆ ಹೊತ್ತು ವೈಎಂಸಿಎ ಅಂಗಣಕ್ಕೆ ಕರೆದೊಯ್ಯುತ್ತಿದ್ದರು. 2006ರಲ್ಲಿ ಲಿನ್ ನಾಯಕತ್ವದ ಪಾಲೊ ಆಲ್ಟೊ ಹೈಸ್ಕೂಲ್ ತಂಡ ಕ್ಯಾಲಿಫೋರ್ನಿಯಾ ರಾಜ್ಯ ಪ್ರಶಸ್ತಿ ಗೆದ್ದರೂ ಯಾವ ದೊಡ್ಡ ಕಾಲೇಜೂ ಕ್ರೀಡಾ ವಿದ್ಯಾರ್ಥಿವೇತನ ಕೊಡಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯ ಸೇರಿ 2010ರಲ್ಲಿ ಅರ್ಥಶಾಸ್ತ್ರದಲ್ಲಿ ಪದವಿ ಪಡೆದರು. ಅದೇ ವರ್ಷದ ಎನ್‌ಬಿಎ ಆಯ್ಕೆಯಲ್ಲಿ ಮೂವತ್ತು ತಂಡಗಳ ಪೈಕಿ ಒಂದೂ ಅವರ ಹೆಸರು ಕರೆಯಲಿಲ್ಲ.

ಬಳಿಕ ಅವಕಾಶ ಕೊಟ್ಟ ಎರಡು ತಂಡಗಳು 2011ರ ಡಿಸೆಂಬರ್ ಒಂದೇ ತಿಂಗಳಲ್ಲಿ ಅವರನ್ನು ಕೈಬಿಟ್ಟವು. ಕೊನೆಗೆ ಸೇರಿಸಿಕೊಂಡದ್ದು ನ್ಯೂಯಾರ್ಕ್ ನಿಕ್ಸ್. ಎಷ್ಟು ದಿನ ಉಳಿಯುವೆನೆಂಬ ಖಾತ್ರಿಯಿಲ್ಲದ ಲಿನ್ ಅಣ್ಣನ ಪುಟ್ಟ ಮನೆಯ ಸೋಫಾದ ಮೇಲೆ ಮಲಗುತ್ತಿದ್ದರು.

2012ರ ಫೆಬ್ರವರಿ 4ರಂದು ಗಾಯಾಳುಗಳಿಂದ ಸೊರಗಿದ್ದ ತಂಡ ಬೇರೆ ದಾರಿ ಕಾಣದೆ ಅವರನ್ನು ಕಣಕ್ಕಿಳಿಸಿತು. ಅಂದು ಅವರು ಗಳಿಸಿದ್ದು 25 ಅಂಕ. ತಂಡ ಸತತ ಏಳು ಪಂದ್ಯ ಗೆದ್ದಿತು. ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ವಿರುದ್ಧ ಲಿನ್ 38 ಅಂಕ ಬಾಚಿದರು. ಅಭಿಮಾನಿಗಳ ಆ ಹುಚ್ಚಿಗೆ 'ಲಿನ್‌ಸ್ಯಾನಿಟಿ' ಎಂಬ ಹೊಸ ಪದವೇ ಹುಟ್ಟಿತು.

ಏಳು-ಬೀಳು

ಆದರೆ ಕೀರ್ತಿ ಬಂದಷ್ಟೇ ಬೇಗ ಸಂಕಷ್ಟವೂ ಬಂತು. ಅದೇ ಋತುವಿನಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮುಂದಿನ ವರ್ಷಗಳಲ್ಲಿ ಹ್ಯೂಸ್ಟನ್, ಲಾಸ್ ಏಂಜಲೀಸ್, ಶಾರ್ಲಟ್, ಬ್ರೂಕ್ಲಿನ್ ಎಂದು ಊರಿಂದೂರಿಗೆ ಅಲೆದಾಟ. 2017ರ ಅಕ್ಟೋಬರ್‌ನಲ್ಲಿ ಋತುವಿನ ಮೊದಲ ಪಂದ್ಯದಲ್ಲೇ ಮಂಡಿಚಿಪ್ಪಿನ ಸ್ನಾಯುರಜ್ಜು ಹರಿದು ಇಡೀ ವರ್ಷ ಹೊರಗುಳಿಯಬೇಕಾಯಿತು. 2019ರಲ್ಲಿ ಟೊರಾಂಟೊ ರ‍್ಯಾಪ್ಟರ್ಸ್ ತಂಡ ಚಾಂಪಿಯನ್ ಆದಾಗ ಅವರು ಆ ತಂಡದಲ್ಲಿದ್ದರು ನಿಜ, ಫೈನಲ್ ಸರಣಿಯಲ್ಲಿ ಅಂಗಣಕ್ಕಿಳಿದದ್ದು ಒಂದು ನಿಮಿಷವೂ ಪೂರ್ತಿಯಲ್ಲ. ಅದೇ ಜುಲೈಯಲ್ಲಿ ತೈವಾನ್‌ನ ಸಭೆಯೊಂದರಲ್ಲಿ, ಎನ್‌ಬಿಎ ತನ್ನನ್ನು ಕೈಬಿಟ್ಟಂತಿದೆ ಎಂದು ಅವರು ಕಣ್ಣೀರಿಟ್ಟರು.

ಒಂದು ವರ್ಷ ಬೀಜಿಂಗ್ ತಂಡದಲ್ಲಿ ಆಡಿದ ಲಿನ್, ಚೀನಾದ ಕೈತುಂಬ ಸಂಭಾವನೆಯನ್ನು ಬಿಟ್ಟು 2020ರಲ್ಲಿ ಮರಳಿ ಅಮೆರಿಕಕ್ಕೆ ಹೊರಟರು. ಸೇರಿದ್ದು ಎನ್‌ಬಿಎಯ ಕೆಳ ಹಂತವಾದ ಜಿ ಲೀಗ್‌ನ ಸಾಂಟಾ ಕ್ರೂಝ್ ವಾರಿಯರ್ಸ್ ತಂಡವನ್ನು. ಸಹ ಆಟಗಾರರಲ್ಲಿ ಹಲವರು ಅವರಿಗಿಂತ ಹತ್ತು ವರ್ಷ ಕಿರಿಯರು. ಕೊರೊನಾದಿಂದಾಗಿ ಲೀಗ್ ಪೂರ್ತಿ ಫ್ಲೋರಿಡಾದ ಒಂದೇ ಆವರಣದಲ್ಲಿ ನಡೆಯಿತು. ಬೆನ್ನುನೋವಿನಿಂದ ಕೆಲ ಪಂದ್ಯಗಳನ್ನು ತಪ್ಪಿಸಿಕೊಂಡರೂ ಒಂಬತ್ತು ಪಂದ್ಯಗಳಲ್ಲಿ ಸರಾಸರಿ 19.8 ಅಂಕ ಗಳಿಸಿದರು.

ಅಂಗಣದಲ್ಲಿ ತನ್ನನ್ನು 'ಕೊರೊನಾ ವೈರಸ್' ಎಂದು ಕರೆದದ್ದನ್ನು ಲಿನ್ ಬಹಿರಂಗಪಡಿಸಿದ್ದೂ ಆಗಲೇ. ಆದರೆ ಹಾಗೆಂದವರ ಹೆಸರು ಹೇಳಲು ಒಪ್ಪಲಿಲ್ಲ. ಒಬ್ಬನನ್ನು ಬಯಲಿಗೆಳೆಯುವುದರಿಂದ ಜನಾಂಗದ್ವೇಷ ಅಳಿಯದು ಎಂಬುದು ಅವರ ನಿಲುವಾಗಿತ್ತು. ಹುಟ್ಟಿ ಬೆಳೆದ ನಾಡಿನಲ್ಲೇ ಪರಕೀಯನೆನಿಸಿಕೊಂಡ ನೋವನ್ನು ನುಂಗಿ ಆಟ ಮುಂದುವರಿಸಿದರು.

ಲೀಗ್ ಮುಗಿಯಿತು. ಮಾರ್ಚ್ ಕಳೆಯಿತು, ಏಪ್ರಿಲ್ ಕಳೆಯಿತು. ಹತ್ತು ದಿನಗಳ ಕರೆ ಬರಲೇ ಇಲ್ಲ. ಮತ್ತೆ ಎನ್‌ಬಿಎಯಲ್ಲಿ ಆಡುವ ಯೋಗ್ಯತೆ ತನಗಿದೆ ಎಂದು ತೋರಿಸಿಕೊಟ್ಟಿದ್ದೇನೆ, ಪಶ್ಚಾತ್ತಾಪವಿಲ್ಲ ಎಂಬರ್ಥದ ಮಾತು ಬರೆದು ಮೇ ತಿಂಗಳಲ್ಲಿ ಅವರು ಆ ಕನಸಿಗೆ ವಿದಾಯ ಹೇಳಿದರು.

ಹಿರಿಯರ ನಾಡಿನಲ್ಲಿ

ಮತ್ತೆ ಚೀನಾದಲ್ಲಿ ಆಡಿದ ಲಿನ್ 2023ರಲ್ಲಿ ತಂದೆ-ತಾಯಿಯ ನಾಡಾದ ತೈವಾನ್‌ಗೆ ಬಂದರು. ನ್ಯೂ ತೈಪೆ ಕಿಂಗ್ಸ್ ತಂಡದಲ್ಲಿ ತಮ್ಮ ಜೋಸೆಫ್ ಜೊತೆಗೂಡಿ ಆಡಿದರು. ತಂಡ 2024 ಮತ್ತು 2025ರಲ್ಲಿ ಚಾಂಪಿಯನ್ ಪಟ್ಟಕ್ಕೇರಿತು. ತಂದೆ ವೈಎಂಸಿಎ ಅಂಗಣದಲ್ಲಿ ಒಟ್ಟಿಗೆ ಆಡಿಸುತ್ತಿದ್ದ ಹುಡುಗರಿಬ್ಬರು ಹಿರಿಯರ ನೆಲದಲ್ಲಿ ಒಂದೇ ಜೆರ್ಸಿ ತೊಟ್ಟು ಗೆದ್ದರು. 2025ರ ಆಗಸ್ಟ್ ಅಂತ್ಯದಲ್ಲಿ 37ರ ಹರೆಯದ ಲಿನ್ ನಿವೃತ್ತಿ ಘೋಷಿಸಿದರು.

2019ರ ಅಕ್ಟೋಬರ್‌ನಲ್ಲಿ ಮುಂಬಯಿಯ ವರ್ಲಿಯಲ್ಲಿ ಎನ್‌ಬಿಎ ತಂಡಗಳಾದ ಸ್ಯಾಕ್ರಮೆಂಟೊ ಕಿಂಗ್ಸ್ ಮತ್ತು ಇಂಡಿಯಾನ ಪೇಸರ್ಸ್ ಮೊದಲ ಬಾರಿಗೆ ಭಾರತದ ನೆಲದಲ್ಲಿ ಸೆಣಸಿದಾಗ ಆ ಆಟದ ವೈಭವವನ್ನು ಈ ಮಹಾನಗರ ಕಣ್ಣಾರೆ ಕಂಡಿತ್ತು. ಆ ವೈಭವದ ಹೊಸ್ತಿಲಲ್ಲಿ ನಿಂತು ಕರೆಗಾಗಿ ಕಾಯುವವರ ಕಥೆ ಕಾಣುವುದು ಕಡಿಮೆ. ಊರು ಬಿಟ್ಟು ಬಂದು, ಓದು ಮುಗಿಸಿಯೇ ಆಟಕ್ಕೆ ಹೋಗು ಎಂದು ಮಕ್ಕಳಿಗೆ ಹೇಳುವ ಹೊರನಾಡ ಕನ್ನಡಿಗರ ಮನೆಗಳಿಗೆ ಈ ಕುಟುಂಬ ಅಪರಿಚಿತವೆನಿಸದು. ಸಂಘ-ಸಂಸ್ಥೆಗಳ ವಾರ್ಷಿಕ ಕ್ರೀಡಾಕೂಟದಲ್ಲಿ ಪದಕ ಗೆದ್ದ ಮಗುವಿನ ಬೆನ್ನು ತಟ್ಟುವವರು ಬಹಳ. ಆಯ್ಕೆಪಟ್ಟಿಯಲ್ಲಿ ಹೆಸರಿಲ್ಲದೆ ಮನೆಗೆ ಮರಳಿದ ಮಗುವಿಗೂ ಅದೇ ಕೈ ಸಿಕ್ಕರೆ, ಮರುದಿನ ಸಂಜೆ ಅದು ಮತ್ತೆ ಅಂಗಣಕ್ಕೆ ಹೋದೀತು.